ಎಪಿಡೆಮಿಯಾಲಜಿ ಸೊಸೈಟಿಯ ವಾರ್ಷಿಕ ಸಮ್ಮೇಳನಕ್ಕೆ ಔಟ್‌ಬ್ರೇಕ್ ತನಿಖೆಯ ಅಬ್‌ಸ್ಟ್ರ್ಯಾಕ್ಟ್: 300 ಪದಗಳಲ್ಲಿ ಏನು ಉಳಿಸಿಕೊಳ್ಳಬೇಕು?

ಸರ್ವೇಕ್ಷಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ರಾಷ್ಟ್ರೀಯ ಎಪಿಡೆಮಿಯಾಲಜಿ ಸೊಸೈಟಿಯ ವಾರ್ಷಿಕ ಸಮ್ಮೇಳನಕ್ಕೆ ಅಬ್‌ಸ್ಟ್ರ್ಯಾಕ್ಟ್ ಕಳಿಸಬೇಕಾಗಿದೆ. ಮಿತಿ 300 ಪದ. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಅಂತ ನಾಲ್ಕು ಭಾಗ. ಟೇಬಲ್‌ಗೂ ಚಿತ್ರಕ್ಕೂ ಅವಕಾಶ ಇಲ್ಲ.

ವಿಷಯ ಇಷ್ಟು: ಒಂದು ಹಾಸ್ಟೆಲಿನಲ್ಲಿ ರಾತ್ರಿ ಊಟದ ನಂತರ ಹಲವರಿಗೆ ವಾಂತಿ, ಹೊಟ್ಟೆನೋವು, ಭೇದಿ. ಆ ರಾತ್ರಿ ಉಂಡವರ ಪೂರ್ತಿ ಪಟ್ಟಿ ಕೈಯಲ್ಲಿದೆ. ಊರಿಗೆ ಹೋದ ಕೆಲವರನ್ನು ಬಿಟ್ಟರೆ ಉಳಿದ ಎಲ್ಲರನ್ನೂ ವಿಚಾರಿಸಿ ಲೈನ್ ಲಿಸ್ಟ್ (ಒಬ್ಬೊಬ್ಬರಿಗೆ ಒಂದೊಂದು ಸಾಲಿನ ವಿವರ ಪಟ್ಟಿ) ಮಾಡಲಾಗಿದೆ. ತಂಡದವರು ಇದನ್ನು ಕೇಸ್-ಕಂಟ್ರೋಲ್ ಅಧ್ಯಯನ ಅಂತ ಕರೆದು ಪ್ರತಿಯೊಂದು ಪದಾರ್ಥಕ್ಕೂ ಆಡ್ಸ್ ರೇಶಿಯೋ (ತಿಂದವರಲ್ಲಿ ಕಾಯಿಲೆ ಬಿದ್ದವರಿಗೂ ಬೀಳದವರಿಗೂ ಇರುವ ಅನುಪಾತವನ್ನು ತಿನ್ನದವರ ಅದೇ ಅನುಪಾತದಿಂದ ಭಾಗಿಸಿದ್ದು) ತೆಗೆದಿದ್ದಾರೆ. ಒಂದು ಪದಾರ್ಥದ ಸಂಖ್ಯೆ ಬಹಳ ದೊಡ್ಡದಾಗಿ ಬಂದಿದೆ, ಅದನ್ನೇ ಶೀರ್ಷಿಕೆಯಲ್ಲಿ ಹಾಕೋಣ ಅನ್ನುವ ಮಾತೂ ಇದೆ.

ಆಡ್ಸ್ ರೇಶಿಯೋ ಸರಿಯೇ, ಅಥವಾ ರಿಸ್ಕ್ ರೇಶಿಯೋ ಕೊಡಬೇಕೇ? 300 ಪದಗಳನ್ನು ಹೇಗೆ ಹಂಚಿಕೊಳ್ಳುವುದು? ಲ್ಯಾಬ್ ವರದಿ ಇನ್ನೂ ಬಂದಿಲ್ಲ, ಅದಿಲ್ಲದೆ ಕಳಿಸಬಹುದೇ? ಮೌಖಿಕ ಮಂಡನೆ ಕೇಳಿಕೊಳ್ಳುವುದೋ ಪೋಸ್ಟರೋ? ಇಲ್ಲಿ ಮಂಡಿಸಿದರೆ ಮುಂದೆ ಜರ್ನಲ್‌ನವರು ಬೇಡ ಅನ್ನುತ್ತಾರೆಯೇ? ತಿಳಿದವರು ದಯವಿಟ್ಟು ಹೇಳಿ.

---

ಛೇದ ಉತ್ತರಿಸಿದ್ದು:

ಮೊದಲು ಅಧ್ಯಯನದ ಹೆಸರು ಸರಿಪಡಿಸಿಕೊಳ್ಳಿ. ಉಂಡವರೆಲ್ಲರ ಪಟ್ಟಿ ಇದೆ, ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಆಯ್ಕೆ ಮಾಡದೆ ಎಲ್ಲರನ್ನೂ ವಿಚಾರಿಸಿದ್ದೀರಿ ಅಂದರೆ ಅದು ರೆಟ್ರೋಸ್ಪೆಕ್ಟಿವ್ ಕೋಹಾರ್ಟ್, ಅಂದರೆ ಇಡೀ ಗುಂಪನ್ನು ಹಿಂದಿರುಗಿ ನೋಡುವ ಅಧ್ಯಯನ. ಸಂತೆಯಲ್ಲೋ ಜಾತ್ರೆಯಲ್ಲೋ ತಿಂದವರೆಷ್ಟು ಮಂದಿ ಎಂದು ಗೊತ್ತೇ ಆಗದಿದ್ದಾಗ, ಕೇಸ್‌ಗಳನ್ನು ಹಿಡಿದು ಅವರಿಗೆ ಹೋಲಿಕೆಯಾಗಿ ಆರೋಗ್ಯವಂತರನ್ನು ಆರಿಸಿಕೊಂಡಾಗ ಮಾತ್ರ ಕೇಸ್-ಕಂಟ್ರೋಲ್. ಅಬ್‌ಸ್ಟ್ರ್ಯಾಕ್ಟ್ ಓದುವ ಪರಿಶೀಲಕರ ಕಣ್ಣು ಮೊದಲು ಬೀಳುವುದೇ ಇಲ್ಲಿ. ಹೆಸರು ತಪ್ಪಿದ್ದರೆ ಮುಂದಿನ ಸಂಖ್ಯೆಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ.

ಕೋಹಾರ್ಟ್ ಆದಮೇಲೆ ಅಟ್ಯಾಕ್ ರೇಟ್ (ಗುಂಪಿನಲ್ಲಿ ಕಾಯಿಲೆ ಬಿದ್ದವರ ಪ್ರಮಾಣ) ನೇರವಾಗಿ ಸಿಗುತ್ತದೆ, ಆದ್ದರಿಂದ ರಿಸ್ಕ್ ರೇಶಿಯೋ (ತಿಂದವರ ಅಟ್ಯಾಕ್ ರೇಟನ್ನು ತಿನ್ನದವರದ್ದರಿಂದ ಭಾಗಿಸಿದ್ದು) ಕೊಡಬೇಕು. ಆಡ್ಸ್ ರೇಶಿಯೋ ರಿಸ್ಕ್ ರೇಶಿಯೋಗೆ ಹತ್ತಿರ ಬರುವುದು ಕಾಯಿಲೆ ಅಪರೂಪವಾಗಿದ್ದಾಗ. ಊಟದಿಂದಾದ ಔಟ್‌ಬ್ರೇಕ್‌ನಲ್ಲಿ ಅರ್ಧಕ್ಕರ್ಧ ಜನ ಮಲಗಿರುತ್ತಾರೆ, ಅಲ್ಲಿ ಆಡ್ಸ್ ರೇಶಿಯೋ ಉಬ್ಬಿಹೋಗುತ್ತದೆ. ಎಷ್ಟು ಉಬ್ಬುತ್ತದೆ ಅನ್ನುವುದಕ್ಕೆ ಎಪಿಡೆಮಿಯಾಲಜಿ ತರಗತಿಗಳಲ್ಲಿ ದಶಕಗಳಿಂದ ಬಳಸುತ್ತಿರುವ ಆಸ್ವಿಗೋ ದತ್ತಾಂಶವನ್ನೇ ನೋಡಿ. 1940ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ವಿಗೋ ಕೌಂಟಿಯಲ್ಲಿ ಚರ್ಚ್ ಊಟವೊಂದರ ನಂತರ ಆದದ್ದು. ಬಂದಿದ್ದವರು 80, ವಿಚಾರಿಸಿದ್ದು 75 ಮಂದಿಯನ್ನು, ಕಾಯಿಲೆ 46 ಮಂದಿಗೆ.

ವೆನಿಲಾ ಐಸ್‌ಕ್ರೀಮ್ ತಿಂದವರು 54, ಅವರಲ್ಲಿ ಕಾಯಿಲೆ 43 ಜನಕ್ಕೆ: 80%.
ತಿನ್ನದವರು 21, ಕಾಯಿಲೆ 3 ಜನಕ್ಕೆ: 14%.

ರಿಸ್ಕ್ ರೇಶಿಯೋ 5.6, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) 1.9ರಿಂದ 16.0. ಅದೇ ನಾಲ್ಕು ಮನೆಗಳಿಂದ (ತಿಂದವರಲ್ಲಿ ಕಾಯಿಲೆ 43, ಇಲ್ಲ 11; ತಿನ್ನದವರಲ್ಲಿ ಕಾಯಿಲೆ 3, ಇಲ್ಲ 18) ಆಡ್ಸ್ ರೇಶಿಯೋ ತೆಗೆದರೆ 43ನ್ನು 18ರಿಂದ ಗುಣಿಸಿ, 11 ಮತ್ತು 3ರ ಗುಣಲಬ್ಧದಿಂದ ಭಾಗಿಸಬೇಕು, ಬರುವುದು 23.5. ಅದನ್ನು "ಐಸ್‌ಕ್ರೀಮ್ ತಿಂದವರಿಗೆ 23 ಪಟ್ಟು ಅಪಾಯ" ಅಂತ ಬರೆದರೆ ಅದು ಸುಳ್ಳು. ನಿಮ್ಮ ತಂಡದ ದೊಡ್ಡ ಸಂಖ್ಯೆಯೂ ಹೀಗೇ ಬಂದಿರುವ ಸಾಧ್ಯತೆ ಹೆಚ್ಚು. ಶೀರ್ಷಿಕೆಗೆ ಹಾಕುವ ಮಾತು ಬಿಟ್ಟುಬಿಡಿ.

ಇದೇ ದತ್ತಾಂಶದಲ್ಲಿ ಇನ್ನೆರಡು ಸಾಲು ಗಮನಿಸಿ. ಬೇಯಿಸಿದ ಹ್ಯಾಮ್ ತಿಂದ 46 ಮಂದಿಯಲ್ಲಿ 29 (63%), ತಿನ್ನದ 29 ಮಂದಿಯಲ್ಲಿ 17 (59%): ರಿಸ್ಕ್ ರೇಶಿಯೋ 1.1. ತಿಂದವರ ಅಟ್ಯಾಕ್ ರೇಟ್ ಮಾತ್ರ ಕೊಟ್ಟರೆ 63% ಭಯಂಕರವಾಗಿಯೇ ಕಾಣುತ್ತದೆ. ತಿನ್ನದವರ ಸಂಖ್ಯೆ ಪಕ್ಕದಲ್ಲಿ ಇಟ್ಟಾಗಲೇ ಹ್ಯಾಮ್‌ನ ಪಾತ್ರ ಏನೂ ಇಲ್ಲ ಅಂತ ತಿಳಿಯುವುದು. ಚಾಕೊಲೇಟ್ ಐಸ್‌ಕ್ರೀಮಿನ ಕಥೆ ಇನ್ನೂ ಚೆನ್ನ: ತಿಂದ 47ರಲ್ಲಿ 25 (53%), ತಿನ್ನದ 27ರಲ್ಲಿ 20 (74%), ರಿಸ್ಕ್ ರೇಶಿಯೋ 0.7. ಚಾಕೊಲೇಟ್ ಕಾಪಾಡಿತು ಅಂತ ಇದರ ಅರ್ಥವಲ್ಲ. ಚಾಕೊಲೇಟ್ ಬೇಡ ಅಂದವರು ಹೆಚ್ಚಾಗಿ ವೆನಿಲಾ ತಿಂದಿದ್ದರು, ಅಷ್ಟೆ. ಮೊತ್ತ 75 ಆಗದೆ 74 ಆಗಿದೆ ನೋಡಿ. ಒಬ್ಬರ ಉತ್ತರ ಗೊತ್ತಿಲ್ಲ. ಹೀಗೆ ಪದಾರ್ಥದಿಂದ ಪದಾರ್ಥಕ್ಕೆ ಛೇದ ಬದಲಾಗುತ್ತದೆ. "ಗೊತ್ತಿಲ್ಲ" ಅಂದವರನ್ನು "ತಿಂದಿಲ್ಲ" ಗುಂಪಿಗೆ ಸೇರಿಸುವುದು ಲೈನ್ ಲಿಸ್ಟ್‌ನಲ್ಲಿ ಪದೇಪದೇ ಆಗುವ ಎಡವಟ್ಟು. ಖಾಲಿ ಮನೆಯನ್ನು ಸಾಫ್ಟ್‌ವೇರ್ ಸೊನ್ನೆ ಅಂತ ಓದಿಕೊಂಡಿದೆಯೇ ಅನ್ನುವುದನ್ನು ಈಗಲೇ ಪರೀಕ್ಷಿಸಿ.

ಊಟದಲ್ಲಿ ಎಷ್ಟು ಪದಾರ್ಥ ಇದ್ದವು ಅನ್ನುವುದನ್ನೂ ಬರೆಯಿರಿ. ಆಸ್ವಿಗೋದಲ್ಲಿ 14 ಇದ್ದವು. ಯಾವುದಕ್ಕೂ ಸಂಬಂಧವೇ ಇಲ್ಲದಿದ್ದರೂ, 14 ಸ್ವತಂತ್ರ ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಪಿ ಮೌಲ್ಯ (ಸಂಬಂಧ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಸುಮಾರು 51%. ಪಿ ಮೌಲ್ಯ ಒಂದನ್ನೇ ಹಿಡಿದು ಪದಾರ್ಥ ಹುಡುಕಬಾರದು ಅನ್ನುವುದು ಇದಕ್ಕೇ. ಮೂರನ್ನು ಒಟ್ಟಿಗೆ ನೋಡಿ: ತಿಂದವರಲ್ಲಿ ದರ ಹೆಚ್ಚು, ತಿನ್ನದವರಲ್ಲಿ ಕಡಿಮೆ, ಮತ್ತು ಒಟ್ಟು ಕೇಸ್‌ಗಳಲ್ಲಿ ಬಹುಪಾಲು ಜನ ಅದನ್ನು ತಿಂದಿರಬೇಕು. ವೆನಿಲಾದಲ್ಲಿ 46ಕ್ಕೆ 43, ಅಂದರೆ 93%. ಉಳಿದ ಮೂವರನ್ನು ಮುಚ್ಚಿಡಬೇಡಿ. ತಿಂದದ್ದು ಮರೆತಿರಬಹುದು, ಬಡಿಸುವ ಸೌಟು ಒಂದೇ ಆಗಿರಬಹುದು, ಬೇರೆ ಕಾರಣದ ಕಾಯಿಲೆಯೂ ಇರಬಹುದು. ಪ್ರಶ್ನೋತ್ತರದಲ್ಲಿ ಈ ಮೂವರ ಬಗ್ಗೆ ಖಂಡಿತ ಕೇಳುತ್ತಾರೆ.

ಒಂದಕ್ಕಿಂತ ಹೆಚ್ಚು ಪದಾರ್ಥಗಳ ಮೇಲೆ ಅನುಮಾನ ಇದ್ದು ಹೊಂದಾಣಿಕೆ (ಒಂದರ ಪ್ರಭಾವವನ್ನು ಇನ್ನೊಂದರಿಂದ ಬೇರ್ಪಡಿಸುವುದು) ಮಾಡಬೇಕಾದರೆ, ಲಾಜಿಸ್ಟಿಕ್ ರಿಗ್ರೆಶನ್ ಮತ್ತೆ ಆಡ್ಸ್ ರೇಶಿಯೋಗೇ ಎಳೆಯುತ್ತದೆ. ನೇರವಾಗಿ ರಿಸ್ಕ್ ರೇಶಿಯೋ ಕೊಡುವ ಲಾಗ್-ಬೈನೋಮಿಯಲ್ ಮಾದರಿ ಹಾಕಿ ನೋಡಿ. ಸಣ್ಣ ದತ್ತಾಂಶದಲ್ಲಿ ಅದು ಆಗಾಗ ಕನ್ವರ್ಜ್ ಆಗದೆ (ಉತ್ತರಕ್ಕೆ ತಲುಪದೆ) ನಿಂತುಬಿಡುತ್ತದೆ, ಆಗ ರೋಬಸ್ಟ್ ವೇರಿಯನ್ಸ್ ಇರುವ ಪಾಯ್ಸಾನ್ ರಿಗ್ರೆಶನ್. ರೋಬಸ್ಟ್ ಅನ್ನುವ ಆಯ್ಕೆ ಹಾಕುವುದು ಮರೆತರೆ ಇಂಟರ್ವಲ್ ಸುಮ್ಮನೆ ಅಗಲವಾಗಿ ಬರುತ್ತದೆ.

---

ಪಟ್ಟಿಶೋಧ ಉತ್ತರಿಸಿದ್ದು:

ಛೇದ ಅವರು ಲೆಕ್ಕದ ಭಾಗ ಹೇಳಿದ್ದಾರೆ, ಪದಗಳ ಹಂಚಿಕೆ ನಾನು ಹೇಳುತ್ತೇನೆ. 300ರಲ್ಲಿ ಹಿನ್ನೆಲೆಗೆ 40, ವಿಧಾನಕ್ಕೆ 80, ಫಲಿತಾಂಶಕ್ಕೆ 130, ತೀರ್ಮಾನಕ್ಕೆ 50. ಬಂದ ಅಬ್‌ಸ್ಟ್ರ್ಯಾಕ್ಟ್‌ಗಳಲ್ಲಿ ಬಹಳಷ್ಟು ಇದನ್ನು ತಲೆಕೆಳಗು ಮಾಡಿರುತ್ತವೆ. ಆಹಾರದಿಂದ ಬರುವ ಕಾಯಿಲೆ ಜಗತ್ತಿನಾದ್ಯಂತ ದೊಡ್ಡ ಸಮಸ್ಯೆ ಅಂತ ಶುರುವಾಗಿ ನೂರು ಪದ ಅಲ್ಲೇ ಖರ್ಚು. ಎಪಿಡೆಮಿಯಾಲಜಿಸ್ಟ್‌ಗಳ ಸಭೆಗೆ ಅದನ್ನು ಹೇಳಬೇಕಾಗಿಲ್ಲ. ಹಿನ್ನೆಲೆಯಲ್ಲಿ ಎರಡೇ ವಾಕ್ಯ ಸಾಕು: ಯಾವ ದಿನ ಯಾರಿಂದ ಏನು ಸುದ್ದಿ ಬಂತು, ತನಿಖೆಯ ಉದ್ದೇಶ ಏನು.

ವಿಧಾನದಲ್ಲಿ ಕೇಸ್ ಡೆಫಿನಿಷನ್ (ಯಾರನ್ನು ಕೇಸ್ ಅಂತ ಎಣಿಸಿದಿರಿ ಅನ್ನುವುದು) ಪೂರ್ತಿ ಬರಲೇಬೇಕು. ಅದರಲ್ಲಿ ವ್ಯಕ್ತಿ, ಸ್ಥಳ, ಕಾಲ, ಲಕ್ಷಣ ನಾಲ್ಕೂ ಇರಬೇಕು. ಉದಾಹರಣೆಗೆ: "ಇಂಥ ದಿನ ಹಾಸ್ಟೆಲಿನಲ್ಲಿ ರಾತ್ರಿ ಊಟ ಮಾಡಿದವರಲ್ಲಿ, ಊಟವಾಗಿ 72 ಗಂಟೆಯೊಳಗೆ ವಾಂತಿ ಅಥವಾ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಬಾರಿ ನೀರುಭೇದಿ ಆದವರು." ಅನುಮಾನದ ಪದಾರ್ಥವನ್ನು ಡೆಫಿನಿಷನ್ ಒಳಗೆ ತುರುಕಬೇಡಿ. "ಆ ಪಾಯಸ ತಿಂದು ವಾಂತಿ ಮಾಡಿಕೊಂಡವರು" ಅಂತ ಬರೆದ ಕ್ಷಣ, ಪಾಯಸ ತಿನ್ನದವರಲ್ಲಿ ಕೇಸ್ ಇರಲು ಸಾಧ್ಯವೇ ಇಲ್ಲ. ಸಂಬಂಧ ಇದೆಯೋ ಇಲ್ಲವೋ ಅಂತ ಪರೀಕ್ಷಿಸಲು ಆಮೇಲೆ ಏನೂ ಉಳಿಯುವುದಿಲ್ಲ.

ಫಲಿತಾಂಶದ ಮೊದಲ ವಾಕ್ಯ ಛೇದದಿಂದ ಶುರುವಾಗಲಿ. ಆಸ್ವಿಗೋ ಸಂಖ್ಯೆಗಳಲ್ಲೇ ಬರೆದರೆ ಹೀಗೆ: "ಹಾಜರಿದ್ದ 80 ಜನರಲ್ಲಿ 75 (94%) ಮಂದಿಯನ್ನು ವಿಚಾರಿಸಲಾಯಿತು, 46 (61%) ಮಂದಿ ಕೇಸ್ ಡೆಫಿನಿಷನ್‌ಗೆ ಹೊಂದಿದರು." 61% ಬಂದದ್ದು 75ರ ಮೇಲೆ, 80ರ ಮೇಲಲ್ಲ. ಊರಿಗೆ ಹೋದವರು ಚೆನ್ನಾಗಿದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ, ಅವರನ್ನು ಆರೋಗ್ಯವಂತರ ಲೆಕ್ಕಕ್ಕೆ ಸೇರಿಸುವ ಹಕ್ಕು ನಮಗಿಲ್ಲ. ಆಮೇಲೆ ಮುಖ್ಯ ಲಕ್ಷಣಗಳು, ಇನ್‌ಕ್ಯುಬೇಷನ್ ಅವಧಿಯ (ಊಟದಿಂದ ಲಕ್ಷಣ ಶುರುವಾಗುವವರೆಗಿನ ಹೊತ್ತಿನ) ಮೀಡಿಯನ್ ಮತ್ತು ವ್ಯಾಪ್ತಿ, ಆಸ್ಪತ್ರೆಗೆ ಸೇರಿದವರು, ಸಾವು ಇಲ್ಲದಿದ್ದರೆ ಇಲ್ಲ ಅಂತಲೇ. ಕೊನೆಗೆ ಅನುಮಾನದ ಪದಾರ್ಥ, ಎರಡೂ ಗುಂಪುಗಳ ಅಟ್ಯಾಕ್ ರೇಟ್, ರಿಸ್ಕ್ ರೇಶಿಯೋ, ಇಂಟರ್ವಲ್. ರೇಶಿಯೋಗೆ ಒಂದು ದಶಮಾಂಶ ಸಾಕು. ಸಾಫ್ಟ್‌ವೇರ್ ಪರದೆಯಲ್ಲಿ ಪಿ ಮೌಲ್ಯ 0.000 ಅಂತ ಬಂದರೆ ಅದನ್ನೇ ನಕಲು ಮಾಡಬೇಡಿ, 0.001ಕ್ಕಿಂತ ಕಡಿಮೆ ಅಂತ ಬರೆಯಿರಿ. ಸಂಭವ ಸೊನ್ನೆ ಆಗುವುದಿಲ್ಲ.

ತೀರ್ಮಾನದಲ್ಲಿ "ಜನಜಾಗೃತಿ ಮೂಡಿಸಬೇಕು" ಅಂತ ಬರೆಯುವುದಕ್ಕಿಂತ ಏನೂ ಬರೆಯದಿರುವುದು ವಾಸಿ. ಅಡುಗೆ ಎಷ್ಟು ಗಂಟೆಗೆ ಮುಗಿಯಿತು, ಬಡಿಸಿದ್ದು ಎಷ್ಟು ಗಂಟೆಗೆ, ನಡುವೆ ಎಲ್ಲಿಟ್ಟಿದ್ದರು ಅನ್ನುವುದು ನಿಮ್ಮ ತನಿಖೆಯಲ್ಲಿ ಸಿಕ್ಕಿರಬೇಕು. ಅದನ್ನು ಹೇಳಿ, ಅದರ ಮೇಲೆ ಏನು ಕ್ರಮ ಕೈಗೊಂಡರು ಅನ್ನುವುದನ್ನು ಹೇಳಿ. ಬರೆದಾದ ಮೇಲೆ ಸ್ಟ್ರೋಬ್ ಪಟ್ಟಿಯೊಂದಿಗೆ (ಇಂಥ ಅಧ್ಯಯನಗಳ ವರದಿಯಲ್ಲಿ ಏನೇನಿರಬೇಕು ಅನ್ನುವ ಪಟ್ಟಿ) ಒಮ್ಮೆ ತಾಳೆ ನೋಡಿ. ಪೂರ್ಣ ಲೇಖನಕ್ಕೆ ಅದರಲ್ಲಿ 22 ಅಂಶಗಳಿವೆ, ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟ್‌ಗೆಂದೇ ಚಿಕ್ಕದೊಂದು ಪಟ್ಟಿಯೂ ಇದೆ. ಶೀರ್ಷಿಕೆಯಲ್ಲಿ ಅಧ್ಯಯನದ ಬಗೆ ಇರಲಿ, ಹಾಸ್ಟೆಲಿನ ಹೆಸರು ಬೇಡ.

---

ಸರ್ವೇಕ್ಷಣ ಬರೆದದ್ದು:

ಇಬ್ಬರಿಗೂ ತುಂಬಾ ಧನ್ಯವಾದ. ಕೋಹಾರ್ಟ್ ಅಂತ ಬದಲಿಸಿ ಮತ್ತೆ ಲೆಕ್ಕ ಹಾಕಿದಾಗ ಹೊಸ ತೊಡಕು ಬಂದಿದೆ. "ಗೊತ್ತಿಲ್ಲ" ಅಂದವರನ್ನು ಬೇರೆ ಇಟ್ಟ ಮೇಲೆ, ಆ ಒಂದು ಪದಾರ್ಥ ತಿನ್ನದವರಲ್ಲಿ ಒಬ್ಬರೂ ಕೇಸ್ ಇಲ್ಲ. ಸಾಫ್ಟ್‌ವೇರ್ ರಿಸ್ಕ್ ರೇಶಿಯೋ ಜಾಗ ಖಾಲಿ ಬಿಡುತ್ತಿದೆ. ಸೊನ್ನೆ ಇರುವ ಮನೆಗೆ ಏನು ಮಾಡುವುದು?

---

ಛೇದ ಉತ್ತರಿಸಿದ್ದು:

ಇದು ಪುರಾವೆ ಬಲವಾಗಿರುವುದರ ಗುರುತು, ಹೆದರಬೇಡಿ. ಛೇದದಲ್ಲಿ ಸೊನ್ನೆ ಬಂದದ್ದರಿಂದ ರೇಶಿಯೋ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೆ. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಎರಡೂ ಅಟ್ಯಾಕ್ ರೇಟ್‌ಗಳನ್ನು ಅಂಶ-ಛೇದ ಸಮೇತ ಕೊಡಿ, ರಿಸ್ಕ್ ರೇಶಿಯೋ ಅನಿರ್ದಿಷ್ಟ ಅಂತ ಬರೆಯಿರಿ, ಚಿಕ್ಕ ಸಂಖ್ಯೆಗಳಿಗೆ ಹೊಂದುವ ಫಿಶರ್ ಎಕ್ಸ್ಯಾಕ್ಟ್ ಪರೀಕ್ಷೆಯ ಪಿ ಮೌಲ್ಯ ಕೊಡಿ. ರಿಸ್ಕ್ ಡಿಫರೆನ್ಸ್ (ಎರಡು ಅಟ್ಯಾಕ್ ರೇಟ್‌ಗಳ ವ್ಯತ್ಯಾಸ) ಮಾತ್ರ ಸೊನ್ನೆ ಇದ್ದರೂ ಸಿಗುತ್ತದೆ, ಅದನ್ನು ಇಂಟರ್ವಲ್ ಜೊತೆ ಕೊಟ್ಟರೆ ಓದುವವರಿಗೆ ಗಾತ್ರ ತಿಳಿಯುತ್ತದೆ.

ನಾಲ್ಕೂ ಮನೆಗಳಿಗೆ 0.5 ಸೇರಿಸಿ ರೇಶಿಯೋ ತೆಗೆಯುವ ಪದ್ಧತಿ ಇದೆ. ಬಳಸಿದರೆ ವಿಧಾನದಲ್ಲಿ ಹೇಳಬೇಕು, ಮತ್ತು ಬಂದ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬಾರದು. ತಿನ್ನದವರ ಗುಂಪು ಚಿಕ್ಕದಾಗಿದ್ದರೆ ಆ ಅರ್ಧವೇ ಇಡೀ ಫಲಿತಾಂಶವನ್ನು ನಿರ್ಧರಿಸಿಬಿಡುತ್ತದೆ. ಚಿಕ್ಕ ಗುಂಪಿನ ವಿಷಯದಲ್ಲಿ ಇನ್ನೊಂದು: ತಿನ್ನದವರು ಐದಾರೇ ಮಂದಿ ಇದ್ದರೆ ಅವರಲ್ಲಿ ಕೇಸ್ ಸೊನ್ನೆ ಅನ್ನುವುದಕ್ಕೆ ಅಷ್ಟೇನೂ ತೂಕ ಇಲ್ಲ. ಆಗ ಡೋಸ್ ನೋಡಿ. ಒಂದು ಬಾರಿ ಬಡಿಸಿಕೊಂಡವರು, ಎರಡು ಬಾರಿ ಬಡಿಸಿಕೊಂಡವರು ಅಂತ ವಿಂಗಡಿಸಿದಾಗ ದರ ಏರುತ್ತಾ ಹೋದರೆ ಪುರಾವೆ ಮತ್ತೆ ಗಟ್ಟಿಯಾಗುತ್ತದೆ.

---

ಗೋಡೆಪತ್ರ ಉತ್ತರಿಸಿದ್ದು:

ಮೌಖಿಕವೋ ಪೋಸ್ಟರೋ ಅನ್ನುವುದಕ್ಕೆ: ಒಂದೇ ಊಟದ, ಒಂದೇ ಪದಾರ್ಥದ ಔಟ್‌ಬ್ರೇಕ್‌ಗೆ ಪೋಸ್ಟರ್ ಚೆನ್ನ. ಎಪಿ ಕರ್ವ್ (ಯಾವ ಹೊತ್ತಿಗೆ ಎಷ್ಟು ಕೇಸ್ ಶುರುವಾದವು ಅನ್ನುವ ಚಿತ್ರ) ಮತ್ತು ಪದಾರ್ಥಗಳ ಟೇಬಲ್ ಎರಡನ್ನು ಎದುರಿಗಿಟ್ಟುಕೊಂಡು ನಿಂತು ಮಾತಾಡಿದರೆ ವಿಷಯ ಮುಗಿಯುತ್ತದೆ, ಮತ್ತು ಹತ್ತು ನಿಮಿಷದ ಮಂಡನೆಯಲ್ಲಿ ಸಿಗದಷ್ಟು ಪ್ರಶ್ನೆಗಳು ಅಲ್ಲಿ ಸಿಗುತ್ತವೆ. ಫಾರಂನಲ್ಲಿ "ಎರಡರಲ್ಲಿ ಯಾವುದಾದರೂ" ಅನ್ನುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಮೌಖಿಕ ಮಾತ್ರ ಅಂತ ಒತ್ತಿದರೆ, ಜಾಗ ತುಂಬಿದಾಗ ಒಳ್ಳೆಯ ಅಬ್‌ಸ್ಟ್ರ್ಯಾಕ್ಟ್ ಕೂಡ ಪೂರ್ತಿ ಕೈಬಿಟ್ಟುಹೋಗಬಹುದು.

ಎಪಿ ಕರ್ವ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಪೋಸ್ಟರ್‌ಗಳಲ್ಲಿ ಹೆಚ್ಚು ಕೆಡುವುದು ಅದೇ. ಕಂಬಗಳ ನಡುವೆ ಸಂದು ಇರಬಾರದು; ಅದು ಹಿಸ್ಟೋಗ್ರಾಮ್, ಬಾರ್ ಚಾರ್ಟ್ ಅಲ್ಲ. ಸ್ಪ್ರೆಡ್‌ಶೀಟ್ ತಾನಾಗಿಯೇ ಸಂದು ಬಿಡುತ್ತದೆ, ಗ್ಯಾಪ್ ವಿಡ್ತ್ ಸೊನ್ನೆ ಮಾಡಿ. ಅಡ್ಡ ಅಕ್ಷದ ಒಂದೊಂದು ಮನೆಯ ಅಗಲ ಇನ್‌ಕ್ಯುಬೇಷನ್ ಅವಧಿಯ ಸುಮಾರು ಕಾಲು ಭಾಗ ಇರಲಿ. ಸ್ಟ್ಯಾಫಿಲೋಕಾಕಸ್ ವಿಷಕ್ಕೆ ಅರ್ಧ ಗಂಟೆಯಿಂದ 8 ಗಂಟೆ ಹಿಡಿಯುತ್ತದೆ, ಅಲ್ಲಿ ಒಂದು ಗಂಟೆಯ ಮನೆ ಸರಿ. ನೊರೊವೈರಸ್‌ಗೆ 12ರಿಂದ 48 ಗಂಟೆ, ಅಲ್ಲಿ 6 ಅಥವಾ 8 ಗಂಟೆ. ಗಂಟೆಗಳಲ್ಲಿ ಮುಗಿದ ಔಟ್‌ಬ್ರೇಕ್ ಅನ್ನು ದಿನದ ಲೆಕ್ಕದಲ್ಲಿ ಹಾಕಿದರೆ ಒಂದೇ ಒಂದು ದಪ್ಪ ಕಂಬ ನಿಲ್ಲುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯದು. ಮೊದಲ ಕೇಸ್‌ಗೆ ಮುಂಚೆ ಒಂದೆರಡು, ಕೊನೆಯ ಕೇಸ್ ಆದಮೇಲೆ ಒಂದೆರಡು ಖಾಲಿ ಮನೆ ಬಿಡಿ. ಊಟದ ಹೊತ್ತನ್ನು ಬಾಣದ ಗುರುತಿನಿಂದ ತೋರಿಸಿ. ಅಕ್ಷದ ಕೆಳಗೆ "ಲಕ್ಷಣ ಶುರುವಾದ ಹೊತ್ತು" ಅಂತ ಬರೆಯುವುದು ಮರೆಯಬೇಡಿ, ಆಸ್ಪತ್ರೆಗೆ ಬಂದ ಹೊತ್ತಲ್ಲ.

ಅಳತೆ ಸಾಮಾನ್ಯವಾಗಿ ಎ0, ಅಂದರೆ 84.1 ಬೈ 118.9 ಸೆಂಟಿಮೀಟರ್. ನಿಲುವೋ ಅಡ್ಡವೋ ಅನ್ನುವುದನ್ನು ಸೂಚನಾಪತ್ರದಲ್ಲಿ ನೋಡಿಯೇ ಶುರುಮಾಡಿ. ನಿಲುವು ಬೋರ್ಡಿಗೆ ಅಡ್ಡ ಪೋಸ್ಟರ್ ತಂದರೆ ಎರಡೂ ಕಡೆ ನೇತಾಡುತ್ತದೆ. ಶೀರ್ಷಿಕೆ 85 ಪಾಯಿಂಟ್‌ಗಿಂತ, ಒಳಗಿನ ಅಕ್ಷರ 28 ಪಾಯಿಂಟ್‌ಗಿಂತ ಚಿಕ್ಕದಾಗಬಾರದು. ಒಟ್ಟು ಪದ 500 ದಾಟದಿರಲಿ. ಅಬ್‌ಸ್ಟ್ರ್ಯಾಕ್ಟ್ ಅನ್ನು ಪೋಸ್ಟರ್ ಮೇಲೆ ಮತ್ತೆ ಅಂಟಿಸಬೇಡಿ, ಅದು ಕಾರ್ಯಕ್ರಮ ಪುಸ್ತಕದಲ್ಲೇ ಇರುತ್ತದೆ.

---

ನಿಗಾಘಟಕ ಉತ್ತರಿಸಿದ್ದು:

ಉಳಿದ ಎರಡಕ್ಕೆ.

ಲ್ಯಾಬ್ ವರದಿ ಇಲ್ಲದೆಯೂ ಕಳಿಸಬಹುದು. "ಫಲಿತಾಂಶವನ್ನು ಸಮ್ಮೇಳನದಲ್ಲಿ ತಿಳಿಸಲಾಗುವುದು" ಅನ್ನುವ ವಾಕ್ಯ ಮಾತ್ರ ಬೇಡ. ಪರಿಶೀಲಕರು ಅಂಕ ಕೊಡುವುದು ಎದುರಿಗಿರುವುದಕ್ಕೆ. ಎಷ್ಟು ಮಲದ ಮಾದರಿ, ಎಷ್ಟು ಆಹಾರದ ಮಾದರಿ ತೆಗೆದಿರಿ, ಯಾವುದು ಉಳಿದಿರಲಿಲ್ಲ ಅಂತ ಬರೆದು, ಎಪಿಡೆಮಿಯಾಲಜಿಯ ಪುರಾವೆ ಇಂಥ ರೋಗಕಾರಕದ ಕಡೆ ಬೊಟ್ಟು ಮಾಡುತ್ತದೆ, ದೃಢಪಟ್ಟಿಲ್ಲ ಅಂತ ನಿಲ್ಲಿಸಿ. ವರದಿ ಬಂದಾಗಲೂ ಓದುವ ಕ್ರಮ ಇದೆ: ಅನುಮಾನದ ಆಹಾರದಲ್ಲಿ ಸ್ಟ್ಯಾಫಿಲೋಕಾಕಸ್ ಸಿಕ್ಕಿತು ಅನ್ನುವುದಷ್ಟೇ ಸಾಲದು. ಗ್ರಾಂಗೆ 1 ಲಕ್ಷ ಬ್ಯಾಕ್ಟೀರಿಯಾ ಅಥವಾ ಹೆಚ್ಚು ಇರಬೇಕು, ಇಲ್ಲವೇ ಎಂಟರೋಟಾಕ್ಸಿನ್ (ಆ ಬ್ಯಾಕ್ಟೀರಿಯಾ ಬಿಡುವ ವಿಷ) ಸಿಗಬೇಕು. ಮತ್ತೆ ಬಿಸಿ ಮಾಡಿದ ಆಹಾರದಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತದೆ, ವಿಷ ಉಳಿದಿರುತ್ತದೆ. ಆದ್ದರಿಂದ ಕಲ್ಚರ್ ನೆಗೆಟಿವ್ ಬಂದ ಮಾತ್ರಕ್ಕೆ ಆ ಪದಾರ್ಥವನ್ನು ಬಿಡುಗಡೆ ಮಾಡಬೇಡಿ, ವಿಷದ ಪರೀಕ್ಷೆ ಕೇಳಿ.

ಜರ್ನಲ್ ವಿಷಯ: ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ಶಿಫಾರಸಿನ ಪ್ರಕಾರ ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟ್ ಅಥವಾ ಪೋಸ್ಟರ್ ಮುಂದಿನ ಪ್ರಕಟಣೆಗೆ ಅಡ್ಡಿಯಲ್ಲ. ಲೇಖನ ಕಳಿಸುವಾಗ ಮಂಡಿಸಿದ್ದನ್ನು ಸಂಪಾದಕರಿಗೆ ತಿಳಿಸಬೇಕು. ಪತ್ರಕರ್ತರು ಸಭೆಯಲ್ಲಿ ಕೇಳಿದ್ದನ್ನು ಬರೆದರೂ ತೊಂದರೆಯಿಲ್ಲ. ಅವರಿಗೆ ಹೆಚ್ಚುವರಿ ಟೇಬಲ್, ಚಿತ್ರ ಕೊಡುವುದು ಬೇಡ. ಸೊಸೈಟಿಯವರು ಪೂರ್ಣ ಲೇಖನವನ್ನೇ ನಡಾವಳಿಯಲ್ಲಿ ಅಚ್ಚು ಹಾಕುತ್ತಾರೆ ಅಂದರೆ ಆಗ ಲೆಕ್ಕ ಬೇರೆ, ಅದು ಪ್ರಕಟಣೆಯೇ. ಒಪ್ಪಿಗೆಯ ಫಾರಂ ಓದದೆ ಸಹಿ ಮಾಡಬೇಡಿ.

ಇದೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಮೂರು. ದತ್ತಾಂಶ ಆರೋಗ್ಯ ಇಲಾಖೆಯದಾದರೆ ಮಂಡನೆಗೆ ಲಿಖಿತ ಅನುಮತಿ, ಮತ್ತು ಸಮ್ಮೇಳನಕ್ಕೆ ಮುಂಚೆ ಇಲಾಖೆಗೂ ಹಾಸ್ಟೆಲಿಗೂ ವರದಿ. ಅಪಾಯ ಇನ್ನೂ ಇರುವಾಗ ಅದರ ಸುದ್ದಿ ಮೊದಲು ಸಭಾಂಗಣದಲ್ಲಿ ಹೊರಬೀಳಬಾರದು. ಎರಡನೆಯದು ನೈತಿಕ ಸಮಿತಿ. ತುರ್ತು ತನಿಖೆಗೆ ಮುಂಗಡ ಒಪ್ಪಿಗೆ ಬೇಕಾಗದಿದ್ದಿರಬಹುದು, ಆದರೂ ಮಂಡಿಸುವುದಕ್ಕೆ ವಿನಾಯಿತಿ ಪತ್ರವನ್ನಾದರೂ ತೆಗೆದುಕೊಳ್ಳಿ. ಫಾರಂನಲ್ಲಿ ಅದರ ಸಂಖ್ಯೆ ಕೇಳುವುದುಂಟು. ಮೂರನೆಯದು ಗುರುತು. ಹೆಸರು ತೆಗೆದರೆ ಸಾಲದು. "58 ವರ್ಷದ ವಾರ್ಡನ್" ಅಂತ ಟೇಬಲ್‌ನಲ್ಲಿ ಒಂದು ಸಾಲು ಇದ್ದರೆ ಆ ಹಾಸ್ಟೆಲಿನವರಿಗೆಲ್ಲ ಅದು ಯಾರೆಂದು ಗೊತ್ತು. ಅಡುಗೆಯವರ ಕೈಯ ಗಾಯದ ಫೋಟೋ, ಅವರ ಕಲ್ಚರ್ ಫಲಿತಾಂಶ ಪೋಸ್ಟರ್ ಮೇಲೆ ಬರಲೇಬಾರದು. ಅವರ ಕೆಲಸ ಹೋಗುತ್ತದೆ, ಮುಂದಿನ ಔಟ್‌ಬ್ರೇಕ್‌ನಲ್ಲಿ ಯಾವ ಅಡುಗೆಯವರೂ ನಿಮಗೆ ಸ್ವ್ಯಾಬ್ ಕೊಡುವುದಿಲ್ಲ. "ಅಡುಗೆ ಸಿಬ್ಬಂದಿಯಿಂದ ತೆಗೆದ ಮಾದರಿ" ಅಂದರೆ ಸಾಕು.

ಲೇಖಕರ ಪಟ್ಟಿಯಲ್ಲಿರುವ ಎಲ್ಲರೂ ಅಂತಿಮ ಪ್ರತಿ ಓದಿ ಒಪ್ಪಿರಬೇಕು. ಕೋಹಾರ್ಟ್ ಅಂತ ಬದಲಿಸಿದ್ದೀರಲ್ಲ, ಆ ಬದಲಾದ ಪ್ರತಿಯನ್ನೇ ಅವರಿಗೆ ಕಳಿಸಿ ಒಪ್ಪಿಗೆಯನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಮಂಡಿಸುವವರು ಗಡುವಿನೊಳಗೆ ನೋಂದಣಿ ಶುಲ್ಕ ಕಟ್ಟದಿದ್ದರೆ ಒಪ್ಪಿಗೆಯಾದ ಅಬ್‌ಸ್ಟ್ರ್ಯಾಕ್ಟ್ ಕೂಡ ಕಾರ್ಯಕ್ರಮದಿಂದ ಬಿದ್ದುಹೋಗುತ್ತದೆ. ಆ ದಿನಾಂಕ ಅಬ್‌ಸ್ಟ್ರ್ಯಾಕ್ಟ್ ಗಡುವಿಗಿಂತ ಬೇರೆ ಇರುತ್ತದೆ, ನೋಡಿಕೊಳ್ಳಿ.